ಮಕ್ಕಳಿಲ್ಲದ ರಾಣಿಯ ಮೊಮ್ಮಗ

ಪಂಚಾಕ್ಷರಿಯಂಥ ಗಿರಾಕಿ ನಾಲ್ಕು ಜನ ಇದ್ದರೆ ಅಂಗಡಿಗೆ ಬೋರ್ಡು ಬೇಕಿಲ್ಲ. ಬೇಗೂರಿನಲ್ಲಿ ವೆಂಕಟಪ್ಪನವರ ಕಟ್ಟಡದ ಕೆಳಗೆ ನಾನು ಗೇಮ್ ಸಿಡಿಗಳನ್ನು ಮಾರುತ್ತೇನೆ. ಹಳೆಯದನ್ನು ಕೊಂಡು, ಒರೆಸಿ, ಹೊಸದರ ಪಕ್ಕ ಇಟ್ಟು ಮತ್ತೆ ಮಾರುತ್ತೇನೆ. ಒಂದೇ ಆಟವನ್ನು ಒಬ್ಬನಿಗೇ ಮೂರು ಸಲ ಮಾರಿದ್ದು ಇವನಿಗೆ ಮಾತ್ರ. ಮೊದಲ ಸಲ ಆಡುವುದಕ್ಕೆ, ಎರಡನೆಯ ಸಲ ಮೊದಲಿನದು ಸವೆದುಹೋಯಿತೆಂದು, ಮೂರನೆಯ ಸಲ ಹೊಸ ಡಬ್ಬಿಯ ಹಿಂದೆ ಒಬ್ಬ ರಾಜನ ಪಟ್ಟಾಭಿಷೇಕದ ಇಸವಿ ಬೇರೆ ಅಚ್ಚಾಗಿದೆಯೆಂದು. ಆ ರಾಜನೂ ಇರಲಿಲ್ಲ, ಪಟ್ಟವೂ ಇರಲಿಲ್ಲ. ದುಡ್ಡು ಮಾತ್ರ ನಿಜವಾದದ್ದು.

ಆಟದ ಹೆಸರು ಓರ್ಬೆಲಿನ್. ಆ ಹೊತ್ತಿಗೆ ಐದು ಭಾಗ ಬಂದಿದ್ದವು. ಕತ್ತಿ, ಕೋಟೆ, ರೆಕ್ಕೆಯ ಹಾವು, ಗಡ್ಡದ ಮಾಂತ್ರಿಕ. ಎಲ್ಲದರಲ್ಲೂ ಅದೇ ಸರಕು, ಪ್ಯಾಕಿಂಗ್ ಬೇರೆ. ಹದಿನೈದು ವರ್ಷದಲ್ಲಿ ಕಥೆ ಬರೆಯುವವರು ಬದಲಾಗುತ್ತ ಹೋದರು. ಹಿಂದಿನವನು ಯಾರನ್ನು ಕೊಂದ ಎಂದು ಮುಂದಿನವನು ವಿಚಾರಿಸಲಿಲ್ಲ. ಹೀಗಾಗಿ ಒಂದನೇ ಭಾಗದಲ್ಲಿ ಸುಟ್ಟು ಬೂದಿಯಾದ ಊರಿನಲ್ಲಿ ಮೂರನೇ ಭಾಗದ ಹೊತ್ತಿಗೆ ಹಳೆಯ ಮರದ ಮನೆಗಳು ಹಾಗೇ ನಿಂತಿರುತ್ತಿದ್ದವು. ಆಡುವವರು ಹಾವನ್ನು ಕೊಂದು ಮಲಗುತ್ತಾರೆ. ಪಂಚಾಕ್ಷರಿಗೆ ಮಾತ್ರ ನಿದ್ದೆ ಬರುವುದಿಲ್ಲ.

ಅವನ ಮನೆಯವರು ದಾವಣಗೆರೆ ಕಡೆಯವರು. ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿದ್ದು ನಿವೃತ್ತರಾಗಿ ಬೇಗೂರಿನಲ್ಲಿ ಫ್ಲ್ಯಾಟು ಕೊಂಡಿದ್ದರು. ಅಪ್ಪ ಯಾವ ವರ್ಷ ರಿಟೈರ್ ಆದರೆಂದು ಒಮ್ಮೆ ಕೇಳಿದೆ. ‘ಅಮ್ಮನ್ನ ಕೇಳಿ ಹೇಳ್ತೀನಿ ಅಣ್ಣ’ ಎಂದ. ಓರ್ಬೆಲಿನ್ನಿನ ಯಾವ ರಾಜ ಯಾವ ವರ್ಷ ಸತ್ತನೆಂದು ಕೇಳಿದರೆ ತಿಥಿಯ ಊಟಕ್ಕೆ ಏನು ಬಡಿಸಿದರೆಂಬುದನ್ನೂ ಹೇಳುತ್ತಿದ್ದ. ಇಂಟರ್‌ನೆಟ್ಟಿನಲ್ಲಿ ಈ ಆಟದವರೆಲ್ಲ ಸೇರಿ ಜಗಳವಾಡುವ ಒಂದು ಕಟ್ಟೆಯಿದೆ; ಅಲ್ಲಿ ಇವನೇ ಶಾನುಭೋಗ. ಬ್ರೆಜಿಲ್ಲಿನಿಂದ, ಪೋಲೆಂಡಿನಿಂದ ಜನ ಇವನನ್ನು ಇಸವಿ ಕೇಳುತ್ತಿದ್ದರು. ಮನೆಯಲ್ಲಿ ಹಾಲು ತರುವುದಕ್ಕೆ ಹೇಳಿದರೆ ಮೊಸರು ತರುತ್ತಿದ್ದ.

ಇಂಥವನಿಗೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಿತ್ತು. ಹೊರದೇಶದ ಗೇಮುಗಳು ಪೇಟೆಗೆ ಬರುವ ಮುಂಚೆ ಪರೀಕ್ಷೆ ಮಾಡಿಕೊಡುವ ಒಂದು ಕಂಪನಿ. ಕೆಲಸವೆಂದರೆ ಆಟದೊಳಗಿನ ಮನುಷ್ಯನನ್ನು ಬೆಳಗಿನಿಂದ ಸಂಜೆಯವರೆಗೆ ಪ್ರತಿಯೊಂದು ಗೋಡೆಗೂ ಗುದ್ದಿಸುವುದು. ಗೋಡೆ ತಡೆದರೆ ಸರಿ, ಅವನು ಗೋಡೆಯೊಳಗೆ ತೂರಿ ಆ ಕಡೆ ಬಿದ್ದರೆ ತಪ್ಪು, ಬರೆದುಹಾಕಬೇಕು. ಎಂಜಿನಿಯರಿಂಗ್ ಓದಿ ಗೋಡೆಗೆ ತಲೆ ಗುದ್ದುವ ಈ ಉದ್ಯೋಗವೂ ಕಾಯಂ ಅಲ್ಲ, ಕಂಟ್ರಾಕ್ಟು. ಅವನ ತಾಯಿ ಕಮಲಮ್ಮ ಹೆಣ್ಣಿನ ಕಡೆಯವರಿಗೆ ಮಾತ್ರ ‘ಪರ್ಮನೆಂಟು’ ಎಂದು ಹೇಳಿಬಿಟ್ಟಿದ್ದರು. ಮಗ ಅದನ್ನು ನಿಜ ಮಾಡುತ್ತಾನೆಂಬ ನಂಬಿಕೆ. ತಾಯಿಯಲ್ಲವೆ.

ಆ ಕಂಪನಿಯಲ್ಲಿ ಅವನ ಮೇಲಿನವಳು ಲಾವಣ್ಯ. ಅವಳು ನನ್ನ ಕಟ್ಟಡದ ಮಾಲೀಕರಾದ ವೆಂಕಟಪ್ಪನವರ ಮಗಳು. ಯಾರು ಪರ್ಮನೆಂಟ್ ಆಗಬೇಕೆಂದು ಬರೆದು ಕಳಿಸುವವಳು ಅವಳೇ. ಜಾಣನಾದವನು ಇಂಥ ಕಡೆ ಬಾಯಿ ಮುಚ್ಚಿಕೊಂಡು ಗೋಡೆಗೆ ಗುದ್ದುತ್ತಿರುತ್ತಾನೆ.

ಓರ್ಬೆಲಿನ್ ಆರನೇ ಭಾಗ ಪರೀಕ್ಷೆಗೆ ಬಂದದ್ದು ಇದೇ ಕಂಪನಿಗೆ. ಪಂಚಾಕ್ಷರಿ ಅಂಗಡಿಗೆ ಬಂದು, ‘ಸೈನ್ ಹಾಕಿದೀನಿ ಅಣ್ಣ, ಯಾರ ಹತ್ರಾನೂ ಒಂದ್ ಮಾತೂ ಆಡಂಗಿಲ್ಲ’ ಎಂದು ಪೂರ್ತಿ ಕಥೆ ಹೇಳಿದ. ಹೇಳುತ್ತ ಹೇಳುತ್ತ ಅವನ ಮುಖ ಕಪ್ಪಿಟ್ಟಿತು. ಕಥೆಯಲ್ಲಿ ಅವನಿಗೆ ಒಂದು ತಪ್ಪು ಸಿಕ್ಕಿತ್ತು.

ಆ ತಪ್ಪು ಏನೆಂದು ಪೂರ್ತಿ ತಿಳಿದದ್ದು ಶನಿವಾರ ಸಂಜೆ. ಲಾವಣ್ಯ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ನನ್ನ ಅಂಗಡಿಗೆ ನುಗ್ಗಿದಳು.

‘ಏನ್ರೀ ಪಂಚಾಕ್ಷರಿ, ಆಫೀಸಿಗೆ ಬೆಂಕಿ ಹಚ್ಚಿ ಬಂದು ಇಲ್ಲಿ ಸಿಡಿ ನೋಡ್ತಾ ನಿಂತಿದೀರಾ?’

‘ನಾನೇನ್ ಹಚ್ಚಿಲ್ಲ ಮೇಡಂ. ಇರೋ ತಪ್ಪನ್ನ ಬರ್ದೆ.’

‘ಬ್ಲಾಕರ್ ಅಂತ ಯಾಕ್ರೀ ಹಾಕಿದ್ರಿ? ಗೇಮ್ ನಿಂತೋಯ್ತಾ? ಸ್ಕ್ರೀನ್ ಕಪ್ಪಾಯ್ತಾ? ಆಡೋನು ಎಲ್ಲಾದ್ರೂ ಸಿಕ್ಕಾಕ್ಕೊಂಡ್ನಾ?’

‘ಕಥೆ ನಿಂತೋಯ್ತಲ್ಲ ಮೇಡಂ.’

ಬ್ಲಾಕರ್ ಎಂದರೆ ಅವರ ಕಸುಬಿನಲ್ಲಿ ಕೊನೆಯ ಅಸ್ತ್ರ. ಸಣ್ಣ ತಪ್ಪಿದ್ದರೂ ಮಾಲು ಹೊರಡುತ್ತದೆ, ದೊಡ್ಡ ತಪ್ಪಿದ್ದರೂ ಹೇಗೋ ಹೊರಡುತ್ತದೆ. ಬ್ಲಾಕರ್ ಬಿದ್ದರೆ ಗೋದಾಮಿಗೆ ಬೀಗ. ಅದನ್ನು ಎತ್ತಿದವನೇ ಇಳಿಸಬೇಕೆಂಬುದು ನಿಯಮ. ಮೇಲಿನವರು ಇಳಿಸಿದರೆ ತಪ್ಪು ಮುಚ್ಚಿಹಾಕಿದರೆಂದು ಆಟ ಮಾಡಿದ ಅಮೆರಿಕದ ಗಿರಾಕಿ ಕೂಗುತ್ತಾನೆ. ಇಷ್ಟು ಅಧಿಕಾರವನ್ನು ಕಂಟ್ರಾಕ್ಟಿನವನ ಕೈಗೆ ಕೊಟ್ಟವರ ಬುದ್ಧಿಯನ್ನು ಏನೆಂದು ಹೊಗಳುವುದು.

ಪಂಚಾಕ್ಷರಿ ನನಗೂ ಅರ್ಥವಾಗಲೆಂದು ನಿಧಾನಕ್ಕೆ ಹೇಳಿದ: ‘ರಾಣಿ ಇಸ್ಮೇರಾ ಎರಡನೇ ಭಾಗದಲ್ಲಿ ಮಕ್ಕಳಿಲ್ದೆ ಸತ್ಳು. ಪಟ್ಟಕ್ಕೆ ಯಾರೂ ಇಲ್ಲ ಅಂತಾನೇ ಅಲ್ವಾ ಅಷ್ಟು ದೊಡ್ಡ ಯುದ್ಧ ಆಗಿದ್ದು? ಈಗ ಆರನೇ ಭಾಗದಲ್ಲಿ ಕೋಟೆ ಬಾಗಿಲಲ್ಲಿ ಒಬ್ಬ ಮುದುಕ ನಿಂತ್ಕೊಂಡು, ನಾನು ರಾಣಿ ಮೊಮ್ಮಗ ಅಂತಾನೆ. ಎಲ್ಲಿಂದ ಬಂದ ಮೇಡಂ ಮೊಮ್ಮಗ?’

‘ಬಾಡಿಗೆಗೆ ತಂದಿರ್ತಾರೆ ಬಿಡ್ರೀ! ಸೋಮವಾರ ಮಧ್ಯಾಹ್ನ ಪರ್ಮನೆಂಟ್ ಹೆಸರು ಕಳಿಸ್ಬೇಕು ನಾನು. ಅಷ್ಟರೊಳಗೆ ಬ್ಲಾಕರ್ ಇಳಿಸಿದ್ರೆ ನಿಮ್ಮ ಹೆಸರು. ಇಲ್ಲಾಂದ್ರೆ ಈ ತಿಂಗಳಿಗೆ ನಿಮ್ಮ ಕಂಟ್ರಾಕ್ಟ್ ಮುಗೀತು, ಮನೇಲಿ ಕೂತ್ಕೊಂಡು ರಾಣಿ ಸೇವೆ ಮಾಡಿ.’

ಅವಳು ಮೆಟ್ಟಿಲು ಹತ್ತಿ ಮೇಲಿನ ತನ್ನ ಮನೆಗೆ ಹೋದಳು. ಇವನು ನನ್ನ ಮುಖ ನೋಡಿದ.

‘ಆ ಮೊಮ್ಮಗ ನಿನ್ನ ಆಸ್ತೀಲಿ ಏನಾದ್ರೂ ಪಾಲು ಕೇಳಿದ್ನೇನೋ?’ ಎಂದೆ.

‘ಇಲ್ಲ.’

‘ಮತ್ತೆ ಇರ್ಲಿ ಬಿಡು, ಪಾಪ, ವಯಸ್ಸಾದೋನು.’

‘ನಿಮಗೆ ಅರ್ಥ ಆಗಲ್ಲ ಅಣ್ಣ. ಒಂದು ಇಸವಿ ಬಿಟ್ಟುಕೊಟ್ರೆ ಎಲ್ಲಾ ಬಿಟ್ಟುಕೊಟ್ಟಂಗೆ.’ ಸ್ವಾತಂತ್ರ್ಯಕ್ಕೆ ಜೈಲಿಗೆ ಹೋಗುವವನ ಹಾಗೆ ಎದೆ ಸೆಟೆಸಿ ಹೊರಟ. ಹೋಗುವಾಗ ಬಾಗಿಲಿನ ಗಾಜಿಗೆ ಹಣೆ ಬಡಿದುಕೊಂಡ.

ಭಾನುವಾರ ಬೆಳಿಗ್ಗೆ ಆ ಎದೆ ಸ್ವಲ್ಪ ಕುಗ್ಗಿತ್ತು. ಕಮಲಮ್ಮ ಅತ್ತಿರಬೇಕು. ಮೈಸೂರು ಪಾಕಿನ ಡಬ್ಬಿ ಹಿಡಿದು ಲಾವಣ್ಯಳ ಮನೆಗೇ ಬಂದ. ಬ್ಲಾಕರ್ ಪೂರ್ತಿ ಇಳಿಸದೆ, ದೊಡ್ಡ ತಪ್ಪು ಎಂದಾದರೂ ಉಳಿಸಿಕೊಳ್ಳಬಹುದೆ ಎಂದು ಕೇಳುವ ಯೋಚನೆ. ಒಳ್ಳೆಯ ಯೋಚನೆಯೇ, ಬಂದ ಗಳಿಗೆ ಕೆಟ್ಟದ್ದು. ಅವತ್ತು ಮನೆಗೆ ಹೆಳವರ ನರಸಪ್ಪ ಬಂದಿದ್ದ.

ಹೆಳವರೆಂದರೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಂದು, ಆ ಮನೆತನದ ತಲೆಮಾರುಗಳನ್ನು ಹೆಸರು ಹೆಸರಾಗಿ ಹಾಡಿ, ರಾಗಿ ಬಟ್ಟೆ ಪಡೆದು ಹೋಗುವವರು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರಂತೆ. ನರಸಪ್ಪ ಮೊಪೆಡ್ಡಿನಲ್ಲಿ ಬರುತ್ತಾನೆ, ಕೈಯ ಗಂಟೆ ಮಾತ್ರ ಹಳೆಯದು. ವೆಂಕಟಪ್ಪನವರ ಜಮೀನು ಅಪಾರ್ಟ್‌ಮೆಂಟಾಗಿ ಎಷ್ಟೋ ವರ್ಷವಾಗಿತ್ತು. ಆದರೆ ಹೆಳವ ಬಂದ ದಿನ ಅವರು ಪಂಚೆ ಉಟ್ಟು, ಮನೆಮಂದಿಯನ್ನೆಲ್ಲ ಕೂರಿಸಿ ಕೇಳುತ್ತಿದ್ದರು. ನಾನು ಕುರ್ಚಿ ತಂದು ಹಾಕಿದೆ. ಬಾಡಿಗೆದಾರನೆಂದ ಮೇಲೆ ಅದೂ ಬಾಡಿಗೆಯಲ್ಲೇ ಸೇರಿದ್ದು. ಪಂಚಾಕ್ಷರಿಗೂ ಒಂದು ಕುರ್ಚಿ ಸಿಕ್ಕಿತು.

ನರಸಪ್ಪ ಗಂಟೆ ಬಾರಿಸಿ ದನಿ ಎತ್ತಿದ: ‘ದಾತು ಬರದಾಗೆ ಊರಿಗೆಲ್ಲ ಅಂಬಲಿ ಕಾಯ್ಸಿ ಉಯ್ದು, ತಾನು ಉಪಾಸ ಬಿದ್ದು ಪ್ರಾಣ ಬಿಟ್ಟ ಪುಣ್ಯಾತ್ಮ ದೊಡ್ಡ ತಿಮ್ಮಯ್ಯ! ಆ ದೊಡ್ಡ ತಿಮ್ಮಯ್ಯನ ಮಗ, ಬೆಂಗ್ಳೂರಿಗೆ ಪಿಲೇಗು ಬಂದು ಊರೋರೆಲ್ಲ ಬಯಲಾಗೆ ಗುಡ್ಲು ಆಕ್ಕಂಡಿದ್ದಾಗ ಆ ಗುಡ್ಲಲ್ಲಿ ಉಟ್ಟಿದ ಮುನಿಯಪ್ಪ! ಮುನಿಯಪ್ಪನ ಮಗ ಅನುಮಂತರಾಯಪ್ಪ! ಅನುಮಂತರಾಯಪ್ಪನ ಮಗ ನಮ್ಮ ದಣಿ ವೆಂಕಟಪ್ಪ!’

ಪಂಚಾಕ್ಷರಿಯ ಬೆರಳುಗಳು ಎಣಿಸತೊಡಗಿದ್ದು ನನಗೆ ಕಂಡಿತು. ಕಾಲು ತುಳಿಯೋಣವೆಂದರೆ ಕುರ್ಚಿ ದೂರ.

‘ಒಂದ್ ನಿಮಿಷ’ ಎಂದ. ‘ದಾತು ಬರ ಅಂದ್ರೆ ಸಾವಿರದೆಂಟುನೂರ ಎಪ್ಪತ್ತಾರು. ಪ್ಲೇಗ್ ಬಂದಿದ್ದು ತೊಂಬತ್ತೆಂಟು. ಅಪ್ಪ ಸತ್ತು ಇಪ್ಪತ್ತೆರಡು ವರ್ಷ ಆದ್ಮೇಲೆ ಮಗ ಹೆಂಗೆ ಹುಟ್ಟಿದ?’

ಒಳಗೆ ಕುಕ್ಕರ್ ಕೂಗಿತು. ಲಾವಣ್ಯ ಸೆರಗಿಲ್ಲದ ಚೂಡಿದಾರದಲ್ಲಿ ಮುಖ ಮುಚ್ಚಿಕೊಳ್ಳುವುದಕ್ಕೆ ಏನೂ ಸಿಗದೆ ಎರಡು ಕೈಯಿಂದ ಮುಚ್ಚಿಕೊಂಡಳು.

ವೆಂಕಟಪ್ಪನವರು ಎದ್ದು ನಿಂತರು. ‘ಯಾವನ್ಲಾ ಇವ್ನು? ನಮ್ ಮುತ್ತಜ್ಜಿ ಬಗ್ಗೆ ಏನ್ಲಾ ಅಂದೆ?’

‘ಅಜ್ಜಿ ಬಗ್ಗೆ ಅಲ್ಲ ಸಾರ್. ಇಸವಿ ಬಗ್ಗೆ.’

‘ನಮ್ ತಾತನ್ನ ಎತ್ತಿದ್ದು ಇಸ್ವಿ ಅಲ್ಲ ಕಣ್ಲಾ, ನಮ್ ಮುತ್ತಜ್ಜಿ!’

ಈ ಮನೆಯಲ್ಲಿ ಅವತ್ತು ಕೆಲಸವಷ್ಟೇ ಅಲ್ಲ, ಅವನ ಹಲ್ಲೂ ಹೋಗುತ್ತಿತ್ತು. ಉಳಿಸಿದವನು ನರಸಪ್ಪ. ಅವನು ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

‘ಕುಂತ್ಕಳಿ ದಣಿ. ಮಗಾ ಕೇಳಿದ್ದು ಸರಿಯಾಗೇ ಐತೆ. ನಡುವೆ ಚಿಕ್ಕ ತಿಮ್ಮಯ್ಯ ಅಂತ ಒಬ್ರವ್ರೆ. ದೊಡ್ಡೋರ ಮಗ, ಮುನಿಯಪ್ಪನೋರ ಅಪ್ಪ. ಅರೇದಾಗೇ ಓಗ್ಬುಟ್ರು. ಅಂಗಾಗಿ ಸುಬದಾಗೆ ಅವ್ರ ಎಸ್ರು ಎತ್ತಾಕಿಲ್ಲ ನಾವು. ಕೇಳಿದ್ಮ್ಯಾಕೆ ಮುಚ್ಚಿಡಬಾರ್ದು, ಏಳ್ದೆ.’ ಆಮೇಲೆ ಮೆಲ್ಲಗೆ ಸೇರಿಸಿದ: ‘ಎಸ್ರು ಎತ್ತಿದ್ಮ್ಯಾಲೆ ಆ ತಲೆಗೂ ಒಂದ್ ಮೊರ ರಾಗಿ, ಒಂದ್ ಪಂಚೆ ಕೊಟ್ಬುಡಿ. ಸಾಂತಿ ಆಯ್ತದೆ.’

ವೆಂಕಟಪ್ಪನವರ ಕಣ್ಣು ಒದ್ದೆಯಾಯಿತು. ‘ಚಿಕ್ಕ ತಿಮ್ಮಯ್ಯ... ನಮ್ಮಪ್ಪ ಏಳ್ತಿದ್ರು ಅನ್ಸುತ್ತೆ’ ಎಂದು ಕೈ ಮುಗಿದರು. ಒಂದು ಗುಟುಕು ಕಾಫಿಯ ಹಿಂದೆ ಹುಟ್ಟಿಯೇ ಇರದಿದ್ದ ಮನುಷ್ಯ ಈಗ ಹುಟ್ಟಿ, ಮದುವೆಯಾಗಿ, ಅಕಾಲದಲ್ಲಿ ಸತ್ತು, ಹೊಸ ಪಂಚೆಯನ್ನೂ ಪಡೆದಿದ್ದ. ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ. ಇಲ್ಲದ ಮಾಲನ್ನು ಇಷ್ಟು ಮರ್ಯಾದೆಯಿಂದ ಮಾರುವುದು ನನ್ನ ಕೈಲಾಗಿಲ್ಲ.

‘ಇದು ಈಗ ಸೇರಿಸಿದ್ದು!’ ಎಂದು ಪಂಚಾಕ್ಷರಿ ಬಾಯಿ ತೆರೆಯುವಷ್ಟರಲ್ಲಿ ಲಾವಣ್ಯ ಅವನ ತೋಳು ಹಿಡಿದು ಮೆಟ್ಟಿಲಿಳಿಸಿ ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದಳು. ನಾನೂ ಹಿಂದೆಯೇ ಇಳಿದೆ. ಇದನ್ನು ಬಿಟ್ಟು ಮೇಲೆ ಕೂರುವಷ್ಟು ಭಕ್ತಿ ನನಗಿಲ್ಲ.

‘ನೋಡಿದ್ರಲ್ಲ?’ ಎಂದಳು. ‘ಒಂದು ತಲೆ ಸೇರಿಸಿದ, ಎಲ್ಲಾ ಸರಿಹೋಯ್ತು. ನೀವೂ ಸೇರಿಸಿ. ರಾಣಿಗೆ ಒಬ್ಬ ಸಾಕು ಮಗಳು ಇದ್ಲು ಅಂತ ಒಂದು ಸಾಲು ಬರ್ಕೊಡಿ, ಅಮೆರಿಕದೋರಿಗೆ ಕಳಿಸ್ತೀನಿ. ಅವರು ಹೂಂ ಅಂದ್ರೆ ಬ್ಲಾಕರ್ ಇಳಿಸಿ. ನಿಮ್ಮ ಮಾತೂ ಉಳಿಯತ್ತೆ.’

‘ಐದು ಭಾಗದಲ್ಲೂ ಸಾಕು ಮಗಳು ಇಲ್ಲ ಮೇಡಂ.’

‘ಚಿಕ್ಕ ತಿಮ್ಮಯ್ಯ ಬೆಳಿಗ್ಗೆ ಇದ್ನಾ?’

‘ಅದು ಸುಳ್ಳು ಮೇಡಂ.’

‘ಗಡ್ಡದ ಮಾಂತ್ರಿಕ ನಿಜಾನಾ? ನೋಡಿ, ಸುತ್ತಿ ಬಳಸಿ ಮಾತಾಡಲ್ಲ. ಕೆಲಸ ಬೇಕೋ, ರಾಣಿ ಬೇಕೋ?’

ತಮ್ಮ ಧರ್ಮಕ್ಕೆ ಪ್ರಾಣ ಕೊಟ್ಟವರು ಇತಿಹಾಸದಲ್ಲಿದ್ದಾರೆ. ಅವರಲ್ಲೊಬ್ಬನನ್ನು ಕಣ್ಣಾರೆ ನೋಡುತ್ತೇನೇನೋ ಎಂದು ನಾನೂ ಕಾದೆ. ಪಂಚಾಕ್ಷರಿಯ ತುಟಿ ಅಲ್ಲಾಡಿತು.

‘ಸಾಕು ಮಗಳು ಅಂತ ಎಲ್ಲರಿಗೂ ಗೊತ್ತಿದ್ರೆ ಅವಳೇ ಪಟ್ಟಕ್ಕೆ ಬರ್ತಿದ್ಲು, ಯುದ್ಧಾನೇ ಆಗ್ತಿರ್ಲಿಲ್ಲ’ ಎಂದ. ‘ಗುಟ್ಟಾಗಿ ಸಾಕಿರ್ಬೇಕು. ದಾದಿ ಮನೇಲಿ.’

‘ಹಾಂ. ಈಗ ಮನುಷ್ಯರ ಮಾತು’ ಎಂದಳು ಲಾವಣ್ಯ.

ಮೈಸೂರು ಪಾಕಿನ ಡಬ್ಬಿ ಅವನ ಕೈಯಲ್ಲೇ ಇತ್ತು. ನಾನು ಇಸಿದುಕೊಂಡೆ.

ಅವತ್ತೇ ಬರೆದುಕೊಟ್ಟ. ಅಮೆರಿಕದವರು ಸೋಮವಾರ ಬೆಳಿಗ್ಗೆಗೇ ಒಪ್ಪಿಬಿಟ್ಟರು. ಅವರಿಗೂ ಮಾಲು ಹೊರಟರೆ ಸಾಕಾಗಿತ್ತು. ಕೋಟೆಯ ಒಂದು ಕೋಣೆಯಲ್ಲಿ ಸಿಗುವ ಹಳೆಯ ಓಲೆಗೆ ಆ ಸಾಲನ್ನು ಅಂಟಿಸಿದರು. ಪಂಚಾಕ್ಷರಿ ಬ್ಲಾಕರ್ ಇಳಿಸಿದ, ಲಾವಣ್ಯ ಹೆಸರು ಕಳಿಸಿದಳು, ಕಮಲಮ್ಮನ ಮಾತು ತಡವಾಗಿ ನಿಜವಾಯಿತು.

ವರ್ಷದ ಕೊನೆಗೆ ಆರನೇ ಭಾಗ ಪೇಟೆಗೆ ಬಂತು. ಒಂದು ವಾರಕ್ಕೆಲ್ಲ ಇಂಟರ್‌ನೆಟ್ಟಿನ ಕಟ್ಟೆಯಲ್ಲಿ ರಣರಂಗ. ದಾದಿ ಮನೆಯ ಸಾಕು ಮಗಳು ಹದಿನೈದು ವರ್ಷದಲ್ಲೇ ಅತಿ ನಾಚಿಕೆಗೆಟ್ಟ ತೇಪೆ ಎಂದು ಪೋಲೆಂಡೂ ಬ್ರೆಜಿಲ್ಲೂ ಒಂದಾಗಿ ಕೂಗಿದವು. ಶಾನುಭೋಗರು ಏನೆನ್ನುತ್ತಾರೆಂದು ಎಲ್ಲರೂ ಕಾದರು. ತೇಪೆ ಹಾಕಿದ್ದು ತಾನೇ ಎಂದು ಹೇಳುವಂತಿಲ್ಲ, ಸಹಿ ಹಾಕಿದ್ದಾನೆ. ಸುಮ್ಮನಿರಬಹುದಿತ್ತು, ಸುಮ್ಮನಿರುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಎರಡನೇ ಭಾಗದಲ್ಲಿ ರಾಣಿಯ ಕೋಣೆಯ ಮೂಲೆಯಲ್ಲಿ ಒಂದು ಖಾಲಿ ತೊಟ್ಟಿಲಿದೆ, ಕಣ್ಣಿದ್ದವರಿಗೆ ಎಲ್ಲವೂ ಅಲ್ಲೇ ಇತ್ತು ಎಂದು ಪುಟಗಟ್ಟಲೆ ಬರೆದ. ಯಾವನೋ ಮೂಲೆ ತುಂಬಲಿ ಎಂದು ಇಟ್ಟ ತೊಟ್ಟಿಲು ಅದು. ಅರ್ಧ ಜನ ನಂಬಿದರು.

ನಂಬದವರಲ್ಲಿ ಶಿವಾನಿ ಎಂಬ ಹುಡುಗಿಯೊಬ್ಬಳು ಬ್ರೂಕ್‌ಫೀಲ್ಡಿನಿಂದ ಆಟ ಕೊಳ್ಳಲು ನನ್ನಲ್ಲಿಗೆ ಬರುತ್ತಿದ್ದಳು. ಒಂದು ಸಂಜೆ ಅಂಗಡಿಯಲ್ಲೇ ಇವನಿಗೆ ಎದುರಾದಳು.

‘ಸಾಕು ಮಗಳನ್ನ ಕೊನೆ ಗಳಿಗೇಲಿ ತುರುಕಿದಾರೆ ಕಣ್ರೀ’ ಎಂದಳು. ‘ಎಂಥ ಪೆದ್ದನಿಗೂ ಗೊತ್ತಾಗತ್ತೆ.’

‘ಎರಡನೇ ಭಾಗ ಎಷ್ಟು ಸಲ ಆಡಿದೀರಾ?’

‘ಎರಡು ಸಲ.’

‘ಅದಕ್ಕೇ ಕಾಣ್ಲಿಲ್ಲ’ ಎಂದ ಪಂಚಾಕ್ಷರಿ, ತುಂಬಾ ಕರುಣೆಯಿಂದ. ‘ಅವಳು ಮೊದಲಿಂದ್ಲೂ ಇದ್ಲು.’

ಹುಡುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ‘ನೀವೇನು, ಆ ಕಂಪನಿಯೋರಾ?’

‘ನಾನು ಯಾವ ಕಂಪನಿ ಕಡೆಯೋನೂ ಅಲ್ಲ. ಇತಿಹಾಸದ ಕಡೆಯೋನು’ ಎಂದು, ಕೊರಳಲ್ಲಿ ತೂಗುತ್ತಿದ್ದ ಪರ್ಮನೆಂಟ್ ಕಾರ್ಡನ್ನು ಅಂಗಿಯ ಒಳಗೆ ತೂರಿಸಿಕೊಂಡ.