ಎರಡನೆಯ ಲೇಸರ್ ಸುಟ್ಟದ್ದು ನನ್ನ ಕೈಯಿಂದ

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟದ್ದು ೧೯೭೩ರಲ್ಲಿ. ಇನ್ನೊಬ್ಬರ ಓದು ಬಿಡಿಸಿದ್ದು ೧೯೯೯ರಲ್ಲಿ. ಮೊದಲನೆಯದನ್ನು ಕೇಳಿದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಸ್ವಲ್ಪ ಜಂಬದಿಂದಲೇ. ಎರಡನೆಯದನ್ನು ಯಾರಿಗೂ ಹೇಳಿಲ್ಲ.

ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಲೇಥ್ ಅಂಗಡಿ. ಅಪ್ಪನ ಕುರಿ ಕಾಯಲೆಂದು ಶಾಲೆ ಬಿಟ್ಟವನು ಆಮೇಲೆ ಕುರಿಯನ್ನೂ ಬಿಟ್ಟು, ಹದಿನಾಲ್ಕು ವರ್ಷ ಇನ್ನೊಬ್ಬರ ಲೇಥಿನ ಮುಂದೆ ನಿಂತು, ಕೊನೆಗೆ ಸ್ವಂತದ್ದು ಹಾಕಿದೆ. ಪಂಪಿನ ಶಾಫ್ಟು, ಗಿರಣಿಯ ಬುಷ್ಷು — ಏನೇ ತಂದುಕೊಟ್ಟರೂ ಅಳತೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಎದೆ ಉಬ್ಬುತ್ತದೆ. ಆ ಉಬ್ಬಿದ ಎದೆಯೇ — ಇರಲಿ, ನಡೆದದ್ದನ್ನು ಹೇಳುತ್ತೇನೆ.

ಸುನಂದಾ ಅಕ್ಕೋರು ಮುದ್ದೇಬಿಹಾಳದವರು. ನಮ್ಮೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ, ಅದರ ಜೊತೆಗೇ ಡಾಕ್ಟರೇಟಿಗೆ ಓದುತ್ತಿದ್ದರು. ಒಂದು ದಿನ ಕಾಗದದ ಮೇಲೆ ಚಿತ್ರ ಬರೆದುಕೊಂಡು ಅಂಗಡಿಗೆ ಬಂದರು. ತಾಮ್ರದ ಎರಡು ಗಟ್ಟಿ ಬೇಕಾಗಿತ್ತು. ಒಂದೊಂದರಲ್ಲಿ ಒಂದೊಂದು ಲೇಸರ್ ಕೂಡಿಸಬೇಕು.

"ಲೇಸರ್ ಅಂದ್ರ ಎಷ್ಟ ದೊಡ್ಡದರಿ?"

"ಕಡ್ಲಿಕಾಳಿನಷ್ಟ. ಅದರ ಬೆಳಕು ಕಣ್ಣಿಗೆ ಕಾಣಂಗಿಲ್ಲ, ಬೀರಪ್ಪಣ್ಣ."

"ಕಾಣದ ಬೆಳಕಿಗೆ ಇಷ್ಟ್ಯಾಕ ಒದ್ದಾಡ್ತೀರಿ ಅಕ್ಕೋರ? ಅಂಥಾ ಬೆಳಕು ನಮ್ಮ ಕರೆಂಟಿನವ್ರು ದಿನಾ ಸಂಜಿಗೆ ಕೊಡ್ತಾರ, ಪುಕಟ!"

ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಕಬ್ಬಿಣದ ಪೆಟ್ಟಿಗೆಯ ಮೇಲೆ ಕುಳಿತು ನನಗೆ ತಿಳಿಸಿ ಹೇಳಿದರು. "ಗಿರಣ್ಯಾಗ ಎರಡು ಎಂಜಿನ್ ಕೂಡಿ ನಡದಾಗ, ಒಂದು ಚೂರು ಜೋರ, ಇನ್ನೊಂದು ಚೂರು ಸಾವಕಾಶ ಇದ್ರ, ನಡಕ ಗುಂಯ್ ಗುಂಯ್ ಅಂತ ಬ್ಯಾರೇ ದನಿ ಏಳತೈತಲ್ಲ?"

"ಏಳತೈತ್ರಿ. ಅದು ಎರಡರದೂ ಅಲ್ಲ."

"ಅದ ನೋಡ್ರಿ ನನ್ನ ಕೆಲಸ."

ಬಣ್ಣದಲ್ಲಿ ಎಳ್ಳಷ್ಟು ಹೆಚ್ಚು ಕಡಿಮೆ ಇರುವ ಎರಡು ಲೇಸರುಗಳ ಬೆಳಕನ್ನು ಕೂಡಿಸಿ ಬೆಳಕು ಹಿಡಿಯುವ ಒಂದೇ ಗ್ರಾಹಕದ ಮೇಲೆ ಬಿಟ್ಟರೆ, ಎರಡರ ನಡುವಿನ ಅಂತರವೇ ಒಂದು ಹೊಸ ಅಲೆಯಾಗಿ ಹೊರಡುತ್ತದಂತೆ. ಅದರ ಉದ್ದ ಒಂದು ಜೋಳದ ಕಾಳಿನಷ್ಟು. ಮಿಲಿಮೀಟರ್ ಅಲೆ ಎಂದು ಹೆಸರು. ಮುಂದೊಂದು ದಿನ ತಂತಿಯಿಲ್ಲದೆ ಸಾವಿರ ಮಂದಿಯ ಮಾತನ್ನು ಒಮ್ಮೆಗೇ ಹೊತ್ತೊಯ್ಯಬಲ್ಲದು ಎಂದರು. ಆದರೆ ಲೇಸರ್ ಚೂರು ಬಿಸಿಯಾದರೂ ಅದರ ಬಣ್ಣ ಸರಿಯುತ್ತದೆ; ಅದಕ್ಕೇ ಶಾಖವನ್ನು ಹದವಾಗಿ ಹಿಡಿದಿಡುವ ತಾಮ್ರದ ಗಟ್ಟಿ.

ಆಗ ನನ್ನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಜನ ಬರುತ್ತಿದ್ದರು, ಕೆಲಸ ಕೊಡುತ್ತಿದ್ದರು, ಒಯ್ಯುತ್ತಿದ್ದರು. ಕುಳಿತು ಒಂದು ವಿಷಯವನ್ನು ನನಗೆ ತಿಳಿಸಿ ಹೇಳಿದವರು ಅವರೊಬ್ಬರೇ. ಆ ಎರಡು ಗಟ್ಟಿಗಳನ್ನು ಹನ್ನೊಂದು ದಿನ ಉಜ್ಜಿದೆ. ಅಷ್ಟು ದಿನ ಬೇಕಿರಲಿಲ್ಲ.

ಶಿವರಾತ್ರಿ ಮುಗಿದು, ಹವೆ ಒಣಗಿ ಚರ್ಮ ಬಿರಿಯುವ ಹೊತ್ತಿಗೆ ಅವರು ಲೇಸರುಗಳನ್ನು ತಂದರು. ಅವರ ಗೈಡು ಪರದೇಶದಿಂದ ತರಿಸಿ, ಬಣ್ಣ ಹೊಂದುವ ಜೋಡಿ ಆರಿಸಿ ನಂಬಿ ಕೊಟ್ಟದ್ದು. ಜೊತೆಗೆ ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ. ಅದರ ತಂತಿಯನ್ನು ನೆಲಕ್ಕೆ ಹೂಳಿದ ಸಲಾಕೆಗೆ ಸಿಗಿಸಿದರು.

"ಒಣ ಹವಾದಾಗ ನಮ್ಮ ಮೈಯಾಗ ಕರೆಂಟ್ ಕೂಡತೈತಿ. ನಮಗ ಚುರ್ ಅಂದ್ರ, ಇದರ ಜೀವಾನ ಹೋಗತೈತಿ. ಪಟ್ಟಿ ಬಿಚ್ಚಬ್ಯಾಡ್ರಿ."

"ನಾ ಏನ್ ಎತ್ತೇನ್ರಿ, ಗೂಟಕ್ಕ ಕಟ್ಟಾಕ?"

"ಒಂದ್ ತಾಸು ಎತ್ತಾಗ್ರಿ, ನನ್ನ ಸಲುವಾಗಿ," ಎಂದು ನಗುತ್ತ ಕ್ಲಾಸಿಗೆ ಹೋದರು.

ಕಟ್ಟಿಕೊಂಡೆ. ಮೊದಲನೆಯ ಲೇಸರನ್ನು ಕಟ್ಟಿಕೊಂಡೇ ಕೂಡಿಸಿದೆ. ಅಷ್ಟರಲ್ಲಿ ಪಕ್ಕದ ವೆಲ್ಡಿಂಗ್ ಅಂಗಡಿಯವನು ಬೀಡಿಗೆ ಬೆಂಕಿ ಕೇಳಲು ಬಂದು, ತಂತಿ ನೋಡಿ ಹಲ್ಲು ಕಿರಿದ. "ಏನೋ ಬೀರ್ಯಾ, ಅಕ್ಕೋರು ಗೂಟಕ್ಕ ಕಟ್ಟಿ, ಮೇವ್ ಹಾಕದನ ಹೋದ್ರೇನೋ?"

ಬಿಚ್ಚಿ ಒಗೆದೆ. ಅಷ್ಟು ಸಣ್ಣ ಮಾತಿಗೆ.

ಬೆನ್ನುನೋವಿಗೆಂದು ನಾನು ಸ್ಟೂಲಿನ ಮೇಲೆ ಕಂಬಳಿ ಮಡಚಿ ಹಾಕಿ ಕೂಡುತ್ತಿದ್ದೆ, ನಮ್ಮ ಕುರಿಯ ಉಣ್ಣೆಯದೇ. ಮೈಮೇಲೆ ಟೆರಿಲಿನ್ ಅಂಗಿ. ಆ ದಿನಗಳಲ್ಲಿ ಆ ಅಂಗಿ ಕಳಚಿದರೆ ಚಟಚಟ ಎನ್ನುತ್ತಿತ್ತು. ಸಣ್ಣ ಸ್ಕ್ರೂ ತರಲು ಕಂಬಳಿಯಿಂದ ಎದ್ದು ಹೋದೆ, ಬಂದು ಎರಡನೆಯ ಲೇಸರಿನ ತಂತಿಯಂಥ ಕಾಲಿಗೆ ಬೆರಳು ತಾಗಿಸಿದೆ.

ಚುರ್ ಎಂದಿತು. ಸೊಳ್ಳೆ ಕಚ್ಚಿದಷ್ಟೂ ಇಲ್ಲ.

ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಸುಳ್ಳು — ಆ ಕ್ಷಣವೇ ಗೊತ್ತಾಯಿತು. ಆದರೂ ಅದನ್ನು ಗಟ್ಟಿಯಲ್ಲಿ ಕೂಡಿಸಿ ಸ್ಕ್ರೂ ಬಿಗಿದೆ. ಹೊರಗೆ ಅಕ್ಕೋರ ಚಪ್ಪಲಿಯ ಸಪ್ಪಳ ಕೇಳಿದೊಡನೆ ಪಟ್ಟಿಯನ್ನು ಮತ್ತೆ ಮಣಿಕಟ್ಟಿಗೆ ಸುತ್ತಿಕೊಂಡೆ.

ಬೆರಳು ತಾಗಿದ್ದು ತಪ್ಪು. ಪಟ್ಟಿ ಮತ್ತೆ ಸುತ್ತಿಕೊಂಡದ್ದನ್ನು ಏನೆಂದು ಕರೆಯಲಿ —

ಕಾಲೇಜಿನ ಪ್ರಯೋಗಾಲಯಕ್ಕೆ ನಾನೇ ಹೊತ್ತುಕೊಂಡು ಹೋದೆ. ಮೊದಲನೆಯ ಲೇಸರಿಗೆ ಮೀಟರಿನ ಮುಳ್ಳು ಎದ್ದಿತು. ಎರಡನೆಯದಕ್ಕೆ ತಂತಿ ಜೋಡಿಸಿದ್ದರು, ಮುಳ್ಳು ನೋಡುವ ಮೊದಲೇ ಕರೆಂಟ್ ಹೋಯಿತು. ಐದು ನಿಮಿಷ ಬಿಟ್ಟು ಬಂತು. ಎರಡನೆಯದಕ್ಕೆ ಮುಳ್ಳು ಅಲುಗಲಿಲ್ಲ. ಅಕ್ಕೋರು ತಂತಿಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, "ನೀವಂತೂ ಪಟ್ಟಿ ಕಟ್ಟಿದ್ರಿ, ನಾನ ಕಣ್ಣಾರೆ ನೋಡೇನಿ. ಹಂಗಾರ ಏನಾತು?" ಎಂದರು.

ನಾನು ಹೇಳಿದೆ: "ಕರೆಂಟ್ ಹೋಗಿ ಬಂತಲ್ರಿ. ಅದ ಇರಬೇಕು."

ಲೇಸರಿಗೆ ಕರೆಂಟ್ ಕೊಡುವ, ಕರೆಂಟ್ ಹೋಗಿ ಬಂದಾಗಿನ ಪೆಟ್ಟು ತಡೆಯಬೇಕಾದ ಸರ್ಕಿಟ್ಟು ಅವರ ಸ್ವಂತ ಕೈಯಿಂದ ಕಟ್ಟಿದ್ದು. ನನ್ನ ಒಂದು ಮಾತಿಗೆ ದೋಷವೆಲ್ಲ ಅದರ ಮೇಲೆ ಹೋಯಿತು. ಎಂಟು ತಿಂಗಳು ಅವರು ಇಲ್ಲದ ದೋಷವನ್ನು ಹುಡುಕಿದರು. ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಪ್ರತಿ ಹೊಸ ಸರ್ಕಿಟ್ಟಿಗೂ ಡಬ್ಬಿ ಮಾಡಿಕೊಟ್ಟವನು ನಾನೇ. ಅಂಚು ಚುಚ್ಚಬಾರದೆಂದು ನುಣ್ಣಗೆ ಉಜ್ಜಿ ಕೊಡುತ್ತಿದ್ದೆ. ಪ್ರತಿ ಸಲ ಇವತ್ತು ಹೇಳೋಣ ಎಂದುಕೊಳ್ಳುತ್ತಿದ್ದೆ. ಶಾಲೆ ಬಿಟ್ಟವನಿಗೆ ಕೊಟ್ಟರೆ ಹೀಗೇ ಆಗುವುದು ಎಂದುಬಿಟ್ಟರೆ... ಅವರು ಹಾಗೆ ಅನ್ನುವವರಲ್ಲ, ಅದೂ ಗೊತ್ತಿತ್ತು.

ಕೈತಪ್ಪಿ ಸುಟ್ಟಿತು ಎಂದಿದ್ದರೆ ಗೈಡು ಇನ್ನೊಂದು ಜೋಡಿ ಕೊಡುತ್ತಿದ್ದರೇನೋ. ಸರ್ಕಿಟ್ಟನ್ನೇ ನಂಬಲಾಗದವರಿಗೆ ಹೇಗೆ ಕೊಟ್ಟಾರು? ಉಳಿದ ಒಂದು ಲೇಸರನ್ನೂ ವಾಪಸು ಕೇಳಿದರು, ಆ ವಿಷಯವನ್ನು ಬೇರೊಬ್ಬರಿಗೆ ಒಪ್ಪಿಸಿದರು. ಅಕ್ಕೋರು ಓದು ಬಿಟ್ಟರು. ಕಾಲೇಜನ್ನೂ ಬಿಟ್ಟು ಸಿಂದಗಿಯ ಒಂದು ಹೈಸ್ಕೂಲಿಗೆ ಹೋದರು.

೨೦೦೫ರಲ್ಲಿ ಸಿಂದಗಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ಅವರೇ ಗುರುತು ಹಿಡಿದು ಬಂದು ಬೆನ್ನುನೋವು ಹೇಗಿದೆ ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, "ಬೀರಪ್ಪಣ್ಣ, ನನ್ನ ತಪ್ಪಿನಿಂದ ನಿಮ್ಮ ಶ್ರಮಾನೂ ಹಾಳಾತು. ಮನಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದರು.

ಆಗಲಾದರೂ — ಬಸ್ಸು ಇನ್ನೂ ಬಂದಿರಲಿಲ್ಲ, ಹೊತ್ತಿತ್ತು, ಸುತ್ತ ನಮ್ಮ ಗುರುತಿನವರೂ ಇರಲಿಲ್ಲ.

"ಇರ್ಲಿ ಬಿಡ್ರಿ ಅಕ್ಕೋರ, ಆಗತಾವ," ಎಂದೆ.

ನನ್ನ ತಪ್ಪಿಗೆ ನಾನು ಅವರನ್ನು ಕ್ಷಮಿಸಿದೆ. ಅವರ ಮುಖ ಹಗುರಾದದ್ದನ್ನು ನೋಡಿದೆ. ಅದನ್ನು ನೋಡಿಕೊಂಡೇ ಇಂಡಿ ಊರಿಗೆ ಹೋಗುವ ಬಸ್ಸು ಹತ್ತಿದೆ.

ಅದಾಗಿ ಎರಡು ವರ್ಷ. ಬರುವ ರವಿವಾರ ಸಿಂದಗಿಗೆ ಹೋಗಿ ಇದನ್ನು ಅವರ ಎದುರು ಓದುತ್ತೇನೆ. ಕ್ಷಮಿಸಿ ಎಂಬ ಮಾತನ್ನು ಇದರಲ್ಲಿ ಬರೆದಿಲ್ಲ. ಅದನ್ನು ಕೇಳುವ ಹಕ್ಕು ಬಸ್ ನಿಲ್ದಾಣದಲ್ಲೇ ಮುಗಿಯಿತು. ಅವರ ಸರ್ಕಿಟ್ಟು ಸರಿಯಿತ್ತು ಎಂಬುದು ಅವರಿಗೆ ಗೊತ್ತಾಗಬೇಕು, ಅಷ್ಟೇ.

ಈಗ ನನ್ನ ಬಳಿ ಎರಡು ಲೇಥ್ ಇವೆ, ಒಂದು ಡ್ರಿಲ್ಲಿಂಗ್ ಮಷೀನು, ಕೆಲಸಕ್ಕೆ ಇಬ್ಬರು ಆಳು, ಪತ್ರಾಸಿನ ತಗಡು ಹೊದಿಸಿದ ಎರಡು ಕೋಣೆಯ ಮನೆ, ಒಂದು ಸೈಕಲ್ಲು. ಮನೆಯಲ್ಲಿ ಊಟಕ್ಕೆ ಕೂಡುವವರು ಒಬ್ಬರು. ಈ ಮಾತು ಗೊತ್ತಿರುವವರು, ಇಂದಿನವರೆಗೆ, ಒಬ್ಬರು.