ಗುಂಡನಿಗೆ ಕೊಡದ ಬಟ್ಟೆಗಳು

ಸವಿತಾ, ಆ ಬಟ್ಟೆಗಳನ್ನು ನಾನು ಗುಂಡನಿಗೆ ಕೊಡಲೇ ಇಲ್ಲ. ಒಂದನ್ನೂ ಕೊಡಲಿಲ್ಲ. ಮಾನ್ಯ ಹುಟ್ಟಿದ ಮೇಲೆ ನೀನು ಮುತ್ತಿನಕೊಪ್ಪದ ತವರಿನಲ್ಲಿ ಬಾಣಂತನಕ್ಕಿದ್ದ ಐದು ತಿಂಗಳು, ಪ್ರತಿ ಭಾನುವಾರ ನಿನ್ನ ಅಮ್ಮನ ಕಣ್ಣು ತಪ್ಪಿಸಿ, ಮಗುವಿಗೆ ಸುತ್ತಿದ್ದ ಬಟ್ಟೆಯೊಂದನ್ನು ಒಗೆಯದೆ ಹಾಗೇ ಕವರಿನಲ್ಲಿ ಕಟ್ಟಿ ನನ್ನ ಬ್ಯಾಗಿಗೆ ಹಾಕುತ್ತಿದ್ದೆಯಲ್ಲ — ಅವು ಯಾವುವೂ ಕೊಪ್ಪದ ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ಆರು ವರ್ಷವಾಯಿತು, ಇದನ್ನು ನಿನಗೆ ಹೇಳಿಲ್ಲ.

ಬಾಳಗಡಿಯ ನನ್ನ ಜೆರಾಕ್ಸ್ ಅಂಗಡಿಯಲ್ಲೇ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ‘ಮೇಲೆ ತಿಳಿಸಿರುವುದೆಲ್ಲ ಸತ್ಯ’ ಎಂದು ದಿನಕ್ಕೆ ಹತ್ತು ಜನರ ಪರವಾಗಿ ಕಣ್ಣು ಮುಚ್ಚಿಕೊಂಡು ಟೈಪ್ ಮಾಡುವವನು ನಾನು. ನನ್ನದೇ ಮಾತಿಗೆ ಬಂದಾಗ ಬೆಳಗಿನಿಂದ ಮೂರು ಸಲ ಅಳಿಸಿದ್ದೇನೆ. ಎದುರಿಗೇ ಹೇಳಬಹುದಿತ್ತು. ಆದರೆ ಎದುರಿಗೆ ಕೂತರೆ ಎಂತದೋ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ — ನನ್ನ ಈ ಬುದ್ಧಿ ನಿನಗೆ ಗೊತ್ತೇ ಇದೆ.

ಗುಂಡ ನಿನ್ನ ನಾಯಿ. ನಾವು ಮದುವೆಯಾದ ವರ್ಷ, ಕಾಲೇಜಿನ ಗೇಟಿನ ಹತ್ತಿರ ಚರಂಡಿಯಲ್ಲಿ ಕುಂಯ್ಗುಡುತ್ತಿದ್ದ ಮರಿಯನ್ನು ನೀನು ಚೂಡಿದಾರದ ವೇಲಿನಲ್ಲಿ ಸುತ್ತಿಕೊಂಡು ಬಂದೆ. ‘ಸೊಸೆ ಮೊದಲನೇ ಮಗನನ್ನು ವೇಲಿನಲ್ಲೇ ತಂದಳು’ ಎಂದು ನನ್ನ ಅಮ್ಮ ಬಂದವರಿಗೆಲ್ಲ ಹೇಳಿ ನಗಾಡುತ್ತಿದ್ದಳು. ನೀನು ಚೂರು ಮಾಡಿ ಹಾಕಿದರೆ ಮಾತ್ರ ಅವನು ನೀರುದೋಸೆ ತಿನ್ನುತ್ತಿದ್ದ. ನಾನು ಹಾಕಿದರೆ ದೋಸೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ‘ಅವಳೆಲ್ಲಿ?’ ಎಂಬಂತೆ ಅಡುಗೆಮನೆಯ ಕಡೆ ಕತ್ತು ತಿರುಗಿಸುತ್ತಿದ್ದ. ನೀನು ಟಿ.ವಿ. ಮುಂದೆ ಕೂತರೆ ನಿನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿದ್ದ. ಕಾಲು ಜೋಮು ಹಿಡಿದರೂ ನೀನು ಅಲುಗಾಡುತ್ತಿರಲಿಲ್ಲ. ಆ ಜೋಡಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಪ್ರೀತಿಯೂ ಉಕ್ಕುತ್ತಿತ್ತು.

ಬಟ್ಟೆಯ ಉಪಾಯ ಹೇಳಿಕೊಟ್ಟದ್ದು ದನದ ಆಸ್ಪತ್ರೆಯ ಡಾಕ್ಟರು. ಏಳು ತಿಂಗಳ ಬಸುರಿ ನೀನು, ಗುಂಡನಿಗೆ ಇಂಜೆಕ್ಷನ್ ಹಾಕಿಸಲು ಹೋದಾಗ ಅವರು ನಿನ್ನನ್ನು ನೋಡಿ, “ಅಮ್ಮಾ, ನಾಯಿಗೆ ಮೂಗಲ್ಲೇ ಎಲ್ಲ ಗೊತ್ತಾಗೋದು. ಮಗು ಮನೆಗೆ ಬರೋ ಮೊದ್ಲು ಮಗುವಿನ ವಾಸನೆ ಮನೆಗೆ ಬರ್ಲಿ. ಆಮೇಲೆ ಅದಕ್ಕೆ ಮಗು ಹೊಸಬರು ಅನ್ಸಲ್ಲ” ಎಂದಿದ್ದರು. ಆದರೆ ನಿನ್ನ ತವರಿನಲ್ಲಿ ಮಗುವಿನ ಒಂದೊಂದು ಬಟ್ಟೆಯನ್ನೂ ಕುದಿನೀರಲ್ಲಿ ಅದ್ದಿ, ಒಣಗಿಸಿ, ಬುಟ್ಟಿ ಕವುಚಿ ಅದರ ಮೇಲೆ ಹರವಿ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ಅಂಥ ಬಟ್ಟೆಯಲ್ಲಿ ಗುಂಡನಿಗೆ ಸಿಗುವುದು ಹೊಗೆಯ ವಾಸನೆಯೇ ಹೊರತು ಮಗಳದ್ದಲ್ಲ. ಹಾಗೆಂದು ಒಗೆಯದ ಬಟ್ಟೆ ಕೇಳಿದರೆ, “ಎಳೆಮಗುವಿನ ಬಟ್ಟೆ ನಾಯಿ ಬಾಯಿಗಾ? ದೃಷ್ಟಿ ಆಗ್ತದೆ ಮಾರಾಯ್ತಿ, ಎಂತ ಮಾತು ಆಡ್ತೀಯೆ!” ಎಂದು ನಿನ್ನ ಅಮ್ಮ ಬೈದಿದ್ದರು. ಅದಕ್ಕೇ ನೀನು ಕದಿಯಲು ಶುರು ಮಾಡಿದೆ. ಸ್ವಂತ ಮಗಳ ಬಟ್ಟೆಯನ್ನು ಸ್ವಂತ ಅಮ್ಮನ ಮನೆಯಲ್ಲಿ ಕದ್ದು, ಹಾಸಿಗೆಯ ಅಡಿಯಿಂದ ತೆಗೆದು ಕೊಡುವಾಗ ನಿನ್ನ ಮುಖದಲ್ಲಿದ್ದ ನಗು ನನಗೆ ಇವತ್ತಿಗೂ ನೆನಪಿದೆ. ನಿನ್ನ ನಾಯಿಗೆ ಬೇಜಾರಾಗಬಾರದು ಎಂದು ಅಷ್ಟೆಲ್ಲ ಮಾಡಿದೆ.

ನಾನು ಮಾಡಿದ್ದೇನು? ಮೊದಲ ಭಾನುವಾರ ವಾಪಸ್ ಬರುವಾಗ ಎನ್.ಆರ್. ಪುರದಲ್ಲಿ ಕಾಲೇಜಿನ ಲೆಕ್ಚರರೊಬ್ಬರು ಬಸ್ಸು ಹತ್ತಿ ನನ್ನ ಪಕ್ಕವೇ ಕೂತರು. ಅಂಗಡಿಗೆ ದಿನಾ ಬರುವವರು. ಬಿಸಿಲಿಗೆ ಕವರು ಬಿಸಿಯಾಗಿ, ಮಗು ಕಕ್ಕಿದ ಹಾಲು, ಉಚ್ಚೆ ಎಲ್ಲ ಸೇರಿದ ವಾಸನೆ ಬ್ಯಾಗಿನಿಂದ ಏಳುತ್ತಿತ್ತು. “ಎಂತದೋ ವಾಸನೆ ಬರ್ತಿದೆ ಅಲ್ವಾ?” ಎಂದು ಅವರು ಸುತ್ತ ನೋಡಿದರು. ನಾನೂ ಅವರ ಜೊತೆ ಸುತ್ತ ನೋಡಿದೆ. ಕೊಪ್ಪದಲ್ಲಿ ಇಳಿದವನೇ ಬಸ್‌ಸ್ಟ್ಯಾಂಡಿನ ಕಸದ ಡಬ್ಬಕ್ಕೆ ಕವರನ್ನು ಹಾಕಿ, ಕೈ ಒರೆಸಿಕೊಂಡು ಮನೆಗೆ ಹೋದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಹೇಳಿಕೊಳ್ಳಲಿಕ್ಕಾದರೂ ಆಗುತ್ತಿತ್ತು.

ಸಂಜೆ ನಿನ್ನ ಫೋನು. “ಕೊಟ್ರಾ? ಎಂತ ಮಾಡ್ದ ಗುಂಡ?”

“ಕೊಟ್ಟೆ. ಸುಮಾರು ಹೊತ್ತು ಮೂಸಿದ. ಆಮೇಲೆ ಅದರ ಮೇಲೇ ತಲೆ ಇಟ್ಟು ಮಲಗಿದ್ದಾನೆ.”

ಅತ್ತ ಕಡೆಯಿಂದ ನೀನು ನಕ್ಕ ನಗು — ಅದೇ ನನ್ನನ್ನು ಹಾಳು ಮಾಡಿತು ಸವಿತಾ. ಬಾಣಂತಿ ಕೋಣೆಯ ಬಿಸಿಯಲ್ಲಿ, ನಿದ್ದೆಗೆಟ್ಟು ಕೂತ ನಿನ್ನನ್ನು ಅಷ್ಟು ಸುಲಭವಾಗಿ ನಗಿಸಬಹುದು ಎಂದು ಗೊತ್ತಾದ ಮೇಲೆ ಪ್ರತಿ ವಾರ ಕವರನ್ನು ಅದೇ ಡಬ್ಬಕ್ಕೆ ಹಾಕಿ ಒಂದೊಂದು ಕಥೆ ಕಟ್ಟಿದೆ. ಬಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಜಗುಲಿಗೆ ಒಯ್ದ ಎಂದೆ. ಅಮ್ಮ ಎತ್ತಲು ಹೋದರೆ ಬಿಡಲಿಲ್ಲ ಎಂದೆ. ನೀನು ಫೋಟೋ ಕೇಳಿದಾಗ ನನ್ನದೇ ಹಳೆಯ ಬಿಳಿ ಟವೆಲ್ಲನ್ನು ಹಾಸಿ, ಅದರ ಮೇಲೆ ಗುಂಡನನ್ನು ಮಲಗಿಸಿ ಫೋಟೋ ತೆಗೆದು ಕಳಿಸಿದೆ. ಆ ಫೋಟೋವನ್ನು ನೀನು ಎಷ್ಟು ಜನಕ್ಕೆ ತೋರಿಸಿದೆಯೋ! ಪಾಪ, ಗುಂಡ ನಾನು ಹೇಳಿದ ಹಾಗೆ ಮಲಗಿದ್ದ. ನನ್ನ ಸುಳ್ಳಿನಲ್ಲಿ ಅವನನ್ನೂ ಸೇರಿಸಿಕೊಂಡೆ.

ನೀನು ಮನೆಗೆ ಬಂದ ದಿನವನ್ನು ನಾನು ಮರೆಯುವ ಹಾಗಿಲ್ಲ. ಅಮ್ಮ ಓಕುಳಿ ನೀರಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಗುಂಡನ್ನ ಕಟ್ಟಿ ಹಾಕೋ” ಎಂದು ಅವಳು ಅನ್ನುತ್ತಿದ್ದಂತೆಯೇ ನೀನು, “ಬೇಡ ಅತ್ತೆ, ಅವನಿಗೆ ಮಾನ್ಯ ಗೊತ್ತು” ಎಂದು ಎಷ್ಟು ಧೈರ್ಯದಿಂದ ಹೇಳಿದೆ! ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನೀನು ಬಗ್ಗಿ, ಮಗುವನ್ನು ಅವನ ಮೂಗಿನ ಹತ್ತಿರಕ್ಕೆ ತಂದೆ. ಐದು ತಿಂಗಳು ನಿನ್ನ ಮುಖ ಕಾಣದೆ ಗೇಟಿನ ಬುಡದಲ್ಲಿ ಕೂತಿದ್ದ ನಾಯಿ ಅದು. ನಿನ್ನ ಮೇಲೆ ಹಾರಿದ. ನಡುವೆ ಗೊತ್ತಿಲ್ಲದ ವಾಸನೆಯ ಗಂಟೊಂದು — ಬೊಗಳಿದ, ಮತ್ತೆ ಹಾರಿದ. ತಟ್ಟೆ ಉರುಳಿತು. ಮಗುವಿನ ಮೀನಖಂಡಕ್ಕೆ ಉಗುರು ತಾಗಿ ಸಣ್ಣದೊಂದು ಗೆರೆ, ಅದರಲ್ಲಿ ಎರಡು ಹನಿ ರಕ್ತ. ನೀನು ಗುಂಡನ ಮುಖಕ್ಕೆ ಹೊಡೆದೆ. ಅಲ್ಲಿಯವರೆಗೆ ಅವನಿಗೆ ನಿನ್ನ ಕೈಯಿಂದ ಒಂದು ಏಟೂ ಬಿದ್ದಿರಲಿಲ್ಲ.

ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದ ಮೇಲೆ, ಮಗುವನ್ನು ಎದೆಗೆ ಒತ್ತಿಕೊಂಡು ನೀನು ಹೇಳಿದೆ: “ಇಷ್ಟು ವಾರ ಇವಳ ವಾಸನೆ ತಗೊಂಡು, ಇವಳ ಬಟ್ಟೆ ಮೇಲೇ ಮಲಗಿ, ಹೀಗೆ ಮಾಡ್ತಲ್ಲ ಮಾರಾಯ್ರೇ. ಗೊತ್ತಿದ್ದೂ ಮಾಡ್ತು ಅಂದ್ರೆ ಅದರ ಮನಸ್ಸಲ್ಲೇ ಎಂತದೋ ಇದೆ.”

ಅಲ್ಲಿಯವರೆಗಿನದ್ದು ಸೋಮಾರಿತನ, ಮುಜುಗರ, ನಿನ್ನನ್ನು ನಗಿಸುವ ಚಪಲ — ಏನು ಬೇಕಾದರೂ ಅನ್ನು. ಆದರೆ ಆ ಕ್ಷಣ ನಾನು ಆಡಿದ ಮಾತು ಪಾಪ. “ಎಷ್ಟಾದ್ರೂ ನಾಯಿ ಅಲ್ವಾ” ಎಂದೆ. ನನ್ನ ತಪ್ಪನ್ನು ತೆಗೆದು ಅವನ ಕೊರಳಿಗೆ ಕಟ್ಟಿದೆ.

ಆಮೇಲೆ ಗುಂಡ ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ ಸರಪಳಿ ಪಾಲಾದ. ನಿನ್ನ ಬಾಯಲ್ಲಿ ಅವನು ‘ಅದು’ ಆದ. ಒಳಗೆ ಮಗು ಅತ್ತರೆ ಎದ್ದು ನಿಂತು ಕಿವಿ ನಿಮಿರಿಸುತ್ತಿದ್ದ. ಯಾರೂ ಬರದಿದ್ದರೆ ಮತ್ತೆ ಮಲಗುತ್ತಿದ್ದ. ಊಟ ಅರ್ಧಕ್ಕೆ ಬಿಡತೊಡಗಿದ. ಮುಂಗಾಲನ್ನು ನೆಕ್ಕಿ ನೆಕ್ಕಿ ಕೂದಲೆಲ್ಲ ಉದುರಿ ಚರ್ಮ ಕಾಣಿಸತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಒಬ್ಬನೇ ಡಾಕ್ಟರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಮಗು ಬಂತು ಅಂದ್ರೆ ನನ್ನ ಹೊರಗೆ ಹಾಕ್ತಾರೆ ಅಂತ ಅದಕ್ಕೆ ಅನ್ಸಿದೆ. ಮಗು ಇದ್ದಾಗ್ಲೇ ಒಳ್ಳೇದು ಸಿಗ್ತದೆ ಅಂತ ಆಗ್ಬೇಕು. ಈಗಿಂದ ಶುರು ಮಾಡಿ” ಎಂದರು. ಹೊರಡುವಾಗ, “ಮನೆಯವ್ರಿಗೆ ಹೇಳಿ” ಎಂದೂ ಅಂದರು. ಹೂಂ ಎಂದು ತಲೆಯಾಡಿಸಿ ಬಂದೆ.

ಮರುದಿನ ಬೆಳಿಗ್ಗೆ ತೊಟ್ಟಿಲಿನಿಂದ ಬಟ್ಟೆಯೊಂದನ್ನು ತೆಗೆದು ಗುಂಡನ ಗೋಣಿಯ ಮೇಲೆ ಇಟ್ಟೆ. ಅವನು ಸುಮಾರು ಹೊತ್ತು ಮೂಸಿದ. ಒಮ್ಮೆ ಸೀನಿದ. ಆಮೇಲೆ ಅದರ ಮೇಲೇ ತಲೆ ಇಟ್ಟು ಮಲಗಿದ. ನಾನು ಫೋನಿನಲ್ಲಿ ಕಟ್ಟಿ ಹೇಳಿದ್ದ ಕಥೆ ನನ್ನ ಕಣ್ಣೆದುರೇ ನಡೆಯುತ್ತಿತ್ತು. ಸೌದೆಯ ಮೇಲೆ ಕೂತು ಅತ್ತುಬಿಟ್ಟೆ. ಗುಂಡ ಎದ್ದು ಬಂದು ನನ್ನ ಮೊಣಕೈ ನೆಕ್ಕಿದ.

ಅಂದಿನಿಂದ ನಾನು ಯಾಕೆ ನಾಯಿಯ ಹಿಂದೆ ಬಿದ್ದೆ ಎಂದು ನೀನು ಅಣಕಿಸುತ್ತಿದ್ದೆ. ಅಮ್ಮ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಅವನನ್ನು ಬಚ್ಚಲಿನಿಂದ ದೂರ ಕೂರಿಸಿಕೊಂಡು ಬೆಲ್ಲದ ಚೂರು ಹಾಕುತ್ತಿದ್ದೆ. ಅಂಗಡಿ ತೆರೆಯುವ ಮೊದಲು ದಿನಾ ಬಾಳಗಡಿಯವರೆಗೆ ನಡೆಸಿಕೊಂಡು ಹೋಗುತ್ತಿದ್ದೆ. ವಾರ ವಾರ ಎರಡೆರಡು ಹೆಜ್ಜೆ ಹತ್ತಿರ ತಂದೆ. ಮಾನ್ಯ ಅಂಬೆಗಾಲಿಕ್ಕುವ ಹೊತ್ತಿಗೆ ಅವನ ಬಾಲ ಹಿಡಿದು ಎಳೆದರೂ ಅವನು ಕಣ್ಣು ಮುಚ್ಚಿ ಸಹಿಸಿಕೊಳ್ಳುತ್ತಿದ್ದ. ಈಗಂತೂ ಅವಳ ಸ್ಕೂಲ್ ವ್ಯಾನಿನ ಸದ್ದು ನಮಗಿಂತ ಮೊದಲು ಅವನಿಗೇ ಕೇಳುತ್ತದೆ. ಗುಂಡ ಮತ್ತೆ ಖುಷಿಯಾದ. ಅಷ್ಟು ಮಟ್ಟಿಗೆ ನಾನು ಗೆದ್ದೆ.

ಆದರೆ ನಿನ್ನನ್ನು ಅವನಿಗೆ ವಾಪಸ್ ಕೊಡಲಾಗಲಿಲ್ಲ. ಇವತ್ತಿಗೂ ಅವನು ನಿನ್ನ ಪಾದದ ಹತ್ತಿರ ಬಂದರೆ ನೀನು ಕಾಲು ಎಳೆದುಕೊಳ್ಳುತ್ತೀಯ. “ನೋಡ್ಕೋ ಪುಟ್ಟೀ, ಅದನ್ನ ಪೂರ್ತಿ ನಂಬಬೇಡ” ಎಂದು ಮಗಳಿಗೆ ಹೇಳುತ್ತೀಯ. ಅವನು ಎರಡಡಿ ದೂರದಲ್ಲಿ ಮಲಗಿ ನಿನ್ನನ್ನೇ ನೋಡುತ್ತಾನೆ. ಪಕ್ಕದಲ್ಲೇ ಕೂತು ನಾನು ಚಹಾ ಕುಡಿಯುತ್ತೇನೆ.

ಇದನ್ನು ಹೀಗೆಯೇ ಮುಚ್ಚಿಟ್ಟುಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಮೊನ್ನೆ ಎನ್.ಆರ್. ಪುರದಿಂದ ನಿನ್ನ ತಂಗಿ ಶ್ವೇತಾ ಫೋನ್ ಮಾಡಿದಳಲ್ಲ. ಅವಳಿಗೀಗ ಎಂಟು ತಿಂಗಳು, ಮನೆಯಲ್ಲಿ ಸಾಕಿದ ನಾಯಿ ಬೇರೆ. “ಅಕ್ಕಾ, ನಮ್ಮ ಸೋನುಗೂ ನೀನು ಮಾಡಿದ ಹಾಗೇ ಬಟ್ಟೆ ಕಳ್ಸಿದ್ರೆ ಆಗ್ತದಾ?” ಎಂದು ಕೇಳಿದಳು. ನೀನು ಹೇಳಿದೆ: “ಬಟ್ಟೆ ಗಿಟ್ಟೆ ಎಲ್ಲ ಸುಮ್ನೆ ಕಣೇ. ನಿಮ್ಮ ಭಾವ ಪಾಪ, ಒಂದು ವಾರಾನೂ ತಪ್ಪಿಸ್ದೆ ತಂದು ಕೊಟ್ರು. ಎಂತ ಆಯ್ತು ಹೇಳು? ಮಗು ಬರೋ ಮೊದ್ಲೇ ಅದನ್ನ ಎಲ್ಲಿಗಾದ್ರೂ ಕಳ್ಸಿಬಿಡು.” ನಾಳೆ ಅವಳ ಗಂಡ ಸೋನುವನ್ನು ಕೆರೆಕಟ್ಟೆಯ ಪರಿಚಯದವರ ಮನೆಗೆ ಬಿಟ್ಟು ಬರುತ್ತಾನಂತೆ. ಕಾಡಂಚಿನ ಮನೆ. ಅವರು ಮೊದಲು ಸಾಕಿದ್ದ ಎರಡು ನಾಯಿಗಳನ್ನೂ ಚಿರತೆ ಹೊತ್ತುಕೊಂಡು ಹೋದದ್ದು ನಿನಗೂ ಗೊತ್ತು. ಸೋಫಾದ ಮೇಲೆ ಮಲಗಿ ಬೆಳೆದ ಸೋನು ಅಲ್ಲಿ ಎಷ್ಟು ದಿನ ಇದ್ದೀತು?

ನೀನು ‘ಪಾಪ’ ಅಂದೆಯಲ್ಲ, ನನ್ನನ್ನು — ಆ ಮಾತು ಕೇಳಿ ಎರಡು ದಿನ ಊಟ ಸೇರಲಿಲ್ಲ. ನೀನು ಹೇಳಿಕೊಟ್ಟ ಬುದ್ಧಿವಾದ ನನ್ನ ಸುಳ್ಳಿನಿಂದ ಹುಟ್ಟಿದ್ದು. ಬಟ್ಟೆಯ ಉಪಾಯ ಸೋತಿರಲಿಲ್ಲ ಸವಿತಾ. ಅದು ನಡೆಯಲೇ ಇಲ್ಲ.

ಮಧ್ಯಾಹ್ನ ಊಟಕ್ಕೆ ಬರುವಾಗ ಈ ಹಾಳೆಗಳನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಬೈಯಿ, ಮಾತು ಬಿಡು, ನಿನ್ನ ತವರಿನವರಿಗೆಲ್ಲ ಹೇಳು — ಯಾವುದಕ್ಕೂ ನಾನು ಎದುರಾಡುವುದಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಶ್ವೇತಾಗೆ ಫೋನ್ ಮಾಡು, ಸೋನುವನ್ನು ಕಳಿಸಬೇಡ ಎನ್ನು. ಕಾರಣ ಕೇಳಿದರೆ ಫೋನ್ ನನಗೆ ಕೊಡು, ನಾನೇ ಹೇಳುತ್ತೇನೆ.

ಆಮೇಲೆ ಗುಂಡನನ್ನು ಒಮ್ಮೆ ಹತ್ತಿರ ಕರೆ. ಅವನಿಗೀಗ ಒಂಬತ್ತು ವರ್ಷ. ಅವನ ಮನಸ್ಸಿನಲ್ಲಿ ಎಂತದೂ ಇರಲಿಲ್ಲ. ಐದು ತಿಂಗಳ ಮೇಲೆ ನೀನು ಮನೆಗೆ ಬಂದೆ ಎಂದು ಕುಣಿದ, ಅಷ್ಟೇ.