ಮಾಡದಲ್ಲಿ ನಿಂತ ರೋಮನ್ ಸೈನಿಕರು

ಕಳೆದ ವಾರ ಬಾಗಿಲಿಗೆ ಬಣ್ಣ ಹಚ್ಚಿಸಿದೆ. ಎನಾಮೆಲ್ ಡಬ್ಬಿಯ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಅಲ್ಲಿ ನಿಲ್ಲಲಾಗಲಿಲ್ಲ. ಎದುರು ಮನೆಯ ಕಾಕಾ ನೆನಪಾದರು...

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮ ಬಾಗಿಲುಗಳು ಎದುರುಬದುರು. ಕಾಕಾ ಸೊಲ್ಲಾಪುರ ರಸ್ತೆಯಲ್ಲಿ ಗಾಡಿಗಳ ನಂಬರ್ ಪ್ಲೇಟ್ ಬರೆಯುತ್ತಿದ್ದರು. ಉಳಿದ ಹೊತ್ತೆಲ್ಲ ರೋಮನ್ ಸೈನಿಕರದು. ಬೆರಳುದ್ದದ ಸೀಸದ ಗೊಂಬೆಗಳು. ಮುರಿದವನ್ನೇ ಮೊಬೈಲಿನಲ್ಲಿ ಹುಡುಕಿ ತರಿಸುತ್ತಿದ್ದರು. ಈಟಿ ಹೋಗಿದ್ದರೆ ಹೊಲಿಗೆ ಸೂಜಿ, ಶಿರಸ್ತ್ರಾಣದ ಜುಟ್ಟು ಉದುರಿದ್ದರೆ ಕುಂಚದ ಕೂದಲು. ಗುರಾಣಿಯ ಗೆರೆಗಳನ್ನು ಉಸಿರು ಬಿಗಿಹಿಡಿದು ಬರೆಯುತ್ತಿದ್ದರು. ಹಿಂದೆ ದೀಪ ಇಡುತ್ತಿದ್ದ ಗೋಡೆಯ ಮಾಡದಲ್ಲಿ ಅವು ಸಾಲಾಗಿ ನಿಲ್ಲುತ್ತಿದ್ದವು.

ಮನೆ ಹಿಸ್ಸೆಯಾದಾಗ ಮಾಡವಿದ್ದ ನಡುಗೋಡೆ ಅವರ ಅಣ್ಣನ ಪಾಲಾಯಿತು. ಮಾಡ ಮುಚ್ಚಿಸುತ್ತೇನೆಂದು ಅಣ್ಣ ಹೇಳಿ ಕಳಿಸಿದ್ದರು. ಯಾವ ದಿನವೆಂದು ಹೇಳಿರಲಿಲ್ಲ. ಅವರು ಗೋಡೆ ಕಟ್ಟುವ ಗೌಂಡಿಯನ್ನು ಕರೆತಂದಾಗ, ಕಾಕಾ ಆಗಷ್ಟೇ ಎಲ್ಲ ಸೈನಿಕರಿಗೂ ಕೊನೆಯ ಬಣ್ಣ ಹಚ್ಚಿ ಆರಲು ನಿಲ್ಲಿಸಿದ್ದರು. ಗದ್ದಲ ಕೇಳಿ ನಾನು ಹೋದೆ.

“ನಾಳಿತನಕ ತಡಿ ಅಣ್ಣಾ. ಬಣ್ಣ ಹಸಿ ಐತಿ, ಮುಟ್ಟಿದ್ರ ಕೆಡ್ತಾವು,” ಎಂದರು ಕಾಕಾ.

“ನಿನ್ನ ಫೌಜಿಗೆ ಹೇಳು, ತಾವ ಇಳದು ಬರ್ಲಿ,” ಎಂದರು ಅಣ್ಣ. “ಗೋಡಿ ನಂದು.”

ಗೌಂಡಿ ನಾಳೆ ಬರುತ್ತೇನೆಂದು ಗೊಣಗಿದ. ಅಣ್ಣ ತಾವೇ ಮೊದಲ ಇಟ್ಟಿಗೆ ಎತ್ತಿ ಮಾಡದ ಅಂಚಿಗೆ ಇಟ್ಟರು. ಆಮೇಲೆ ಅವನೂ ಕೆಲಸ ಹಿಡಿದ. ಕೆಟ್ಟರೂ ಕೆಡಲಿ, ತೆಗೆದುಕೊಂಡುಬಿಡಿ ಎಂದು ಕಾಕಾನಿಗೆ ಹೇಳಿದೆ. ಅವರು ಕೈ ಚಾಚಿದರು... ಮುಂದಿನ ಗುರಾಣಿಯ ಹತ್ತಿರ ಬೆರಳು ನಿಂತಿತು. ಕೈ ಹಿಂದಕ್ಕೆ ತೆಗೆದುಕೊಂಡರು. ಇಟ್ಟಿಗೆ ಏರಿ, ಈಟಿಗಳ ತುದಿ ಮಾತ್ರ ಕಾಣುತ್ತಿದ್ದಾಗ ಗೌಂಡಿಗೆ ಮೆಲ್ಲಗೆ ಹೇಳಿದರು:

“ಸಾವಕಾಶ ಕಟ್ಟಪಾ. ಅವಕ್ಕ ಸಿಮೆಂಟ್ ಸಿಡೀಬಾರ್ದು.”

ಅಣ್ಣ ನಕ್ಕರು.

ಕಾಕಾ ಮತ್ತೆ ಒಂದೂ ಗೊಂಬೆ ತರಿಸಲಿಲ್ಲ. ಹೋದ ವರ್ಷ ತೀರಿಕೊಂಡರು. ನಮ್ಮಲ್ಲಿ ತೀರಿದವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ. ಕಾಕಾನನ್ನು ನಡುಗೋಡೆಗೆ ಕೂಡಿಸಿ ಹೂ ತರುವಷ್ಟರಲ್ಲಿ ಅಣ್ಣ ಬಾಗಿಲಿಗೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ.

“ನನ್ನ ಗೋಡಿಗೆ ಆನಿಸಬ್ಯಾಡ್ರಿ.”

ನಾವು ಕಾಕಾನನ್ನು ಎತ್ತಿ ಎದುರಿನ ಗೋಡೆಗೆ ಕೂಡಿಸಿದೆವು. ಅವರ ಮುಖ ಮುಚ್ಚಿದ ಮಾಡದ ಕಡೆಗಿತ್ತು.

ಈಗ ಆ ಮನೆಗೆ ಬೀಗ ಬಿದ್ದಿದೆ. ಪಕ್ಕದಲ್ಲಿ ಅಣ್ಣನ ಟಿವಿ ಸಂಜೆಯಿಡೀ ಕೂಗುತ್ತದೆ. ನಾನು ಬಾಗಿಲು ಹಾಕಿಕೊಳ್ಳುತ್ತೇನೆ.